ಸೂಕ್ಷ್ಮ ಮಕ್ಕಳು ಮತ್ತು ನಮ್ಮ ಸಾಲಿ

ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ಬಿಡತೊಡಗಿತೆಂದರೆ ಸುತ್ತಲಿನ ಹಳ್ಳಿಗಳಲ್ಲಿ ಹಂಗಾಮು ಶುರುವಾಯಿತೆಂದೇ ಲೆಕ್ಕ. ಮಹಾಲಿಂಗಪುರ, ಮುಧೋಳ, ರಬಕವಿ-ಬನಹಟ್ಟಿಯ ರಸ್ತೆಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ನಡುನಡುವೆ ಎತ್ತಿನ ಬಂಡಿಗಳು, ಗಾಳಿಯಲ್ಲಿ ಕಾಕಂಬಿಯ ಹುಳಿವಾಸನೆ. ಮಹಾರಾಷ್ಟ್ರದ ಬೀಡ ಕಡೆಯಿಂದ, ವಿಜಯಪುರದ ಒಣಸೀಮೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಸಂಸಾರ ಸಮೇತ ಬಂದಿಳಿಯುತ್ತವೆ. ಬದುವಿನ ಮೇಲೆ, ಬಯಲಿನಲ್ಲಿ ರವದಿಯ ಗುಡಿಸಲುಗಳು ಏಳುತ್ತವೆ. ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ ಎಂದು ಮುಂಗಡದ ಲೆಕ್ಕ. ಮಕ್ಕಳು ಆ ಲೆಕ್ಕದಲ್ಲಿಲ್ಲ.

ಅಂಥದೊಂದು ಹಂಗಾಮಿನಲ್ಲಿ ನಾವು ಅಲ್ಲಿದ್ದಾಗ ಎಂಟೊಂಬತ್ತು ವರ್ಷದ ಹುಡುಗನೊಬ್ಬ ನಿಂತ ಬಂಡಿಯ ಕೆಳಗೆ ತೂರಿ, ಗಾಲಿಯನ್ನು ಕೈಯಿಂದ ತುಸುವೇ ಹೊರಳಿಸಿ ಕಿವಿಗೊಟ್ಟು ಕೇಳುತ್ತಿದ್ದ. ಹೊರಗೆ ಬಂದವನೇ ತಂದೆಗೆ ಅಚ್ಚು ಒಣಗಿದೆ, ಎಣ್ಣೆ ಬೇಕು ಎಂದ. ತಂದೆ ಮರುಮಾತಿಲ್ಲದೆ ಎಣ್ಣೆ ಹಾಕಿದ. ಮಗನ ಕಿವಿಯ ಮೇಲೆ ಅವನಿಗೆ ಅಷ್ಟು ನಂಬಿಕೆ. ನಾವು ಯಾವ ಸಾಲಿಗೆ ಹೋಗುತ್ತೀ ಎಂದು ಕೇಳಿದೆವು. ಹುಡುಗ ನೆಲ ನೋಡಿದ. ಅವನ ಅಕ್ಕ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಉತ್ತರ ಕೊಟ್ಟಳು: ಇವನಿಗೆ ತಲೆಗೆ ಹತ್ತುವುದಿಲ್ಲ, ಸಾಲಿಯಲ್ಲಿ ಬಾಯಿ ಬಿಡುವುದಿಲ್ಲ, ಹೊಡೆದರೆ ಮೂರು ದಿನ ಉಣ್ಣುವುದಿಲ್ಲ, ಅದಕ್ಕೇ ಜೊತೆಗೆ ಕರೆದುಕೊಂಡು ಬಂದಿದ್ದೇವೆ.

ಈ ಮೂರು ಲಕ್ಷಣಗಳನ್ನು ಬೆಂಗಳೂರಿನ ತಾಯಿಯೊಬ್ಬಳು ಮಕ್ಕಳ ಆಪ್ತಸಮಾಲೋಚಕರ ಮುಂದೆ ಹೇಳಿದ್ದರೆ ಅವಳಿಗೆ ಒಂದು ಗೌರವದ ಹೆಸರು ಸಿಗುತ್ತಿತ್ತು. ಮಗು ಅತಿಸೂಕ್ಷ್ಮ ಸಂವೇದನೆಯದು, ಅಂತಃಪ್ರಜ್ಞೆಯಿಂದ ಕಲಿಯುವಂಥದು, ಅದಕ್ಕೆ ಬೇರೆ ಬಗೆಯ ಶಾಲೆ ಬೇಕು ಎಂಬ ಸಲಹೆಯೂ ಸಿಗುತ್ತಿತ್ತು. ಒಂದೇ ಸ್ವಭಾವ ಒಂದು ಕಡೆ ಪ್ರತಿಭೆಯ ಸುಳಿವಾಗುತ್ತದೆ, ಇನ್ನೊಂದು ಕಡೆ ದಡ್ಡತನದ ಸಾಕ್ಷಿಯಾಗುತ್ತದೆ. ಸಾಂಪ್ರದಾಯಿಕ ಶಾಲೆಯನ್ನು ಸೂಕ್ಷ್ಮ ಮಕ್ಕಳಿಗಾಗಿ ಮರುರೂಪಿಸಬೇಕೆಂಬ ಮಾತು ಈಚೆಗೆ ನಮ್ಮಲ್ಲೂ ಬಹಳ ಕೇಳಿಬರುತ್ತಿದೆ. ಅದರ ಬಗ್ಗೆ ನಮಗೆ ಒಲವಿದೆ, ತಕರಾರೂ ಇದೆ. ಎರಡಕ್ಕೂ ಕಾರಣ ಆ ಬಂಡಿಯ ಕೆಳಗಿನ ಹುಡುಗ.

ಈ ಪರಿಭಾಷೆ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೈನ್ ಆರನ್ 1990ರ ದಶಕದಲ್ಲಿ ಅತಿಸೂಕ್ಷ್ಮ ವ್ಯಕ್ತಿಗಳನ್ನು ಕುರಿತು ಬರೆದರು. 2002ರಲ್ಲಿ ಅಂಥ ಮಕ್ಕಳನ್ನು ಕುರಿತೇ ಒಂದು ಪುಸ್ತಕ ತಂದರು. ನೂರರಲ್ಲಿ ಹದಿನೈದರಿಂದ ಇಪ್ಪತ್ತು ಜನ ಸದ್ದು, ಬೆಳಕು, ಇತರರ ಮುಖಭಾವ ಎಲ್ಲವನ್ನೂ ಉಳಿದವರಿಗಿಂತ ಆಳವಾಗಿ ಗ್ರಹಿಸುತ್ತಾರೆ ಎಂಬುದು ಅವರ ಅಂದಾಜು. ಇದು ಕಾಯಿಲೆಯಲ್ಲ, ಹುಟ್ಟುಗುಣ ಎಂದರು. ಅವರಿಗಿಂತ ಮೊದಲೇ ಹಾರ್ವರ್ಡಿನ ಜೆರೋಮ್ ಕೇಗನ್ ಹೊಸದನ್ನು ಕಂಡರೆ ಹಿಂಜರಿಯುವ ಶಿಶುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಭ್ಯಾಸ ಮಾಡಿದ್ದರು. ಇಷ್ಟರ ಮಟ್ಟಿಗೆ ಇದು ಉಪಯುಕ್ತ ತಿಳಿವಳಿಕೆ. ಆದರೆ ಇದರ ಪಕ್ಕದಲ್ಲೇ ಇನ್ನೊಂದು ಅಂಗಡಿ ತೆರೆಯಿತು. 1999ರಲ್ಲಿ ಲೀ ಕ್ಯಾರೊಲ್, ಜಾನ್ ಟೋಬರ್ ಎಂಬಿಬ್ಬರು ಬರೆದ ‘ಇಂಡಿಗೋ ಮಕ್ಕಳು’ ಎಂಬ ಪುಸ್ತಕದ ಪ್ರಕಾರ ಕೆಲವು ಮಕ್ಕಳ ಸುತ್ತ ನೀಲಿ ಪ್ರಭೆಯಿರುತ್ತದೆ, ಅವರು ಲೋಕವನ್ನು ಬದಲಿಸಲೆಂದೇ ಹುಟ್ಟಿದವರು. ಇದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಜಾತಿಶ್ರೇಣಿಯಲ್ಲಿ ಬಾಳಿ ಬಂದ ನಮ್ಮ ನಾಡಿನಲ್ಲಿ, ಹುಟ್ಟಿನಿಂದಲೇ ಶ್ರೇಷ್ಠರಾದ ಮಕ್ಕಳಿದ್ದಾರೆಂಬ ವಿಚಾರ ಯಾವ ವೇಷದಲ್ಲಿ ಬಂದರೂ ಅದನ್ನು ಹೊಸಿಲ ಹೊರಗೇ ನಿಲ್ಲಿಸಿ ವಿಚಾರಿಸಬೇಕು.

ಅಂತಃಪ್ರಜ್ಞೆ ಎಂಬ ಮಾತನ್ನೂ ನಾವು ಸಲೀಸಾಗಿ ಆಡುತ್ತೇವೆ. ಆ ಹುಡುಗ ಗಾಲಿಯ ಸದ್ದಿನಲ್ಲಿ ಒಣಗಿದ ಅಚ್ಚನ್ನು ಕೇಳಿಸಿಕೊಂಡದ್ದು ಪವಾಡವಲ್ಲ. ಅವನು ಹುಟ್ಟಿದಾಗಿನಿಂದ ಆ ಬಂಡಿಯ ಮೇಲೆ ಮಲಗಿದ್ದಾನೆ. ರಬಕವಿ-ಬನಹಟ್ಟಿಯ ನೇಕಾರ ಓಣಿಗಳಲ್ಲಿ ಆಟವಾಡುತ್ತಿರುವ ಮಗು ಮಗ್ಗದ ಸದ್ದು ಬದಲಾದೊಡನೆ ಎಳೆ ಹರಿಯಿತೆಂದು ಒಳಗೆ ಓಡುವುದುಂಟು. ದೀರ್ಘಕಾಲದ ಗಮನ ಮೈಗೂಡಿ, ವಿವರಣೆಯ ಹಂಗಿಲ್ಲದೆ ಕೆಲಸ ಮಾಡುವುದನ್ನೇ ನಾವು ಅಂತಃಪ್ರಜ್ಞೆ ಎನ್ನುತ್ತಿದ್ದೇವೆ. ದುಡಿಮೆಯ ಮನೆಗಳಲ್ಲಿ ಅದು ಧಾರಾಳವಾಗಿದೆ. ಆದರೆ ಆ ಮಗು ತಾನು ಬಲ್ಲದ್ದನ್ನು ಬಾಯಲ್ಲಿ ಹೇಳಲಾರದು, ಬಾಯಲ್ಲಿ ಹೇಳಲಾರದ್ದಕ್ಕೆ ಅಂಕ ಕೊಡುವ ಪದ್ಧತಿ ಶಾಲೆಯಲ್ಲಿಲ್ಲ.

ಸಾಂಪ್ರದಾಯಿಕ ಶಿಕ್ಷಣ ಎಂದಾಗ ಕೆಲವರ ಕಣ್ಣಿಗೆ ಮರದ ನೆರಳಿನ ಗುರುಕುಲ ಬರುತ್ತದೆ. ಅದರಲ್ಲಿ ಮಗುವಿನ ಮನಸ್ಸಿಗೆ ಜಾಗವಿತ್ತು, ಇಂಗ್ಲಿಷರು ಬಂದು ಕೆಡಿಸಿದರು ಎಂಬ ಕಥನವಿದೆ. ಈ ಕಥನವನ್ನು ನಾವು ಒಪ್ಪಲಾರೆವು. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದಾಗ, ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿದ್ದಾಗ ಈ ಸೀಮೆಯ ಹಳ್ಳಿಗಳಲ್ಲಿದ್ದದ್ದು ಐಗಳ ಮಠ, ಗಾಂವಠಿ ಸಾಲಿ. ಉಸುಕಿನ ಮೇಲೆ ಬೆರಳಿನಿಂದ ತಿದ್ದುವ ಅಕ್ಷರದಲ್ಲಿ ಒಂದು ಚೆಲುವಿತ್ತು, ನಿಜ. ಆದರೆ ಅದೇ ಮಠದ ತೊಲೆಗೆ ಹಗ್ಗ ಕಟ್ಟಿ ಮಕ್ಕಳನ್ನು ನೇತುಹಾಕುವ ಕೋದಂಡ ಎಂಬ ಶಿಕ್ಷೆಯೂ ಇತ್ತು. ಹಳೆಯ ಜನರ ನೆನಪುಗಳಲ್ಲಿ ಅಕ್ಷರಕ್ಕಿಂತ ಹೆಚ್ಚು ಸ್ಪಷ್ಟವಾಗಿ ಉಳಿದದ್ದು ಆ ಹಗ್ಗ. ಇನ್ನು ದಲಿತರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಹಗ್ಗದ ಭಾಗ್ಯವೂ ಇರಲಿಲ್ಲ, ಅವರಿಗೆ ಬಾಗಿಲೇ ಮುಚ್ಚಿತ್ತು.

ವೈದಿಕ ಪಾಠಶಾಲೆಯ ಒಳಗನ್ನು ನೋಡಬೇಕೆಂದರೆ ಯು.ಆರ್. ಅನಂತಮೂರ್ತಿಯವರ ಕತೆಯನ್ನಾಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ವಿದೆ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಆ ಸಿನಿಮಾವನ್ನು ವಿಧವೆ ಯಮುನೆಯ ದುರಂತವಾಗಿ ನಾವೆಲ್ಲ ನೋಡಿದ್ದೇವೆ. ಅದು ಅಷ್ಟೇ ಮಟ್ಟಿಗೆ ನಾಣಿ ಎಂಬ ಚಿಕ್ಕ ಹುಡುಗನ ಸಿನಿಮಾ. ಹಿರಿಯ ವಿದ್ಯಾರ್ಥಿಗಳ ಕಿರುಕುಳದಲ್ಲಿ, ಅರ್ಥವಾಗದ ಮಂತ್ರಗಳ ನಡುವೆ, ಅವನಿಗೆ ಒಂದೇ ಆಸರೆ ಯಮುನಕ್ಕ. ದೊಡ್ಡವರು ಮುಚ್ಚಿಟ್ಟದ್ದೆಲ್ಲವೂ ಆ ಹುಡುಗನಿಗೆ ಹೇಗೋ ತಿಳಿಯುತ್ತದೆ. ಯಾರೂ ಹೇಳದೆಯೂ ತಿಳಿಯುತ್ತದೆ. ತಿಳಿದದ್ದನ್ನು ಇಟ್ಟುಕೊಳ್ಳಲು ಅವನಲ್ಲಿ ಜಾಗವಿಲ್ಲ. ಕೊನೆಗೆ ಯಮುನೆ ಒಂಟಿಯಾಗಿ ಉಳಿಯುತ್ತಾಳೆ, ನಾಣಿಯನ್ನು ತಂದೆ ಬಂದು ಕರೆದುಕೊಂಡು ಹೋಗುತ್ತಾನೆ. ಅವನು ಮುಂದೆ ಏನಾದ ಎಂಬುದನ್ನು ಕತೆ ಹೇಳುವುದಿಲ್ಲ.

ಇದರ ಪಕ್ಕಕ್ಕೆ 2007ರ ಹಿಂದಿ ಚಿತ್ರ ‘ತಾರೆ ಜಮೀನ್ ಪರ್’ ಇಟ್ಟು ನೋಡಿ. ಅಕ್ಷರಗಳು ಕುಣಿಯುವಂತೆ ಕಾಣುವ ಇಶಾನ್ ಎಂಬ ಹುಡುಗನನ್ನು ಒಬ್ಬ ಚಿತ್ರಕಲಾ ಶಿಕ್ಷಕ ಗುರುತಿಸಿ ಮೇಲೆತ್ತುವ ಕತೆ. ಆ ಸಿನಿಮಾ ನೋಡಿ ಎಷ್ಟೋ ಶಿಕ್ಷಕರು ತಮ್ಮ ಬೆತ್ತವನ್ನು ಅನುಮಾನದಿಂದ ನೋಡಿಕೊಂಡಿರಬಹುದು, ಅಷ್ಟು ಉಪಕಾರ ಅದರಿಂದ ಆಗಿದೆ. ಆದರೆ ಕೊನೆಯಲ್ಲಿ ಏನಾಗುತ್ತದೆ? ಚಿತ್ರಸ್ಪರ್ಧೆಯೊಂದು ನಡೆದು ಇಶಾನ್ ಗೆಲ್ಲುತ್ತಾನೆ. ಶಿಕ್ಷಕ ತರಗತಿಯಲ್ಲಿ ಐನ್‌ಸ್ಟೀನ್ ಮೊದಲಾದವರ ಹೆಸರು ಹೇಳುತ್ತಾನೆ. ಅಂದರೆ ಸೂಕ್ಷ್ಮ ಮಗುವನ್ನು ಶಾಲೆ ಸಹಿಸಿಕೊಳ್ಳಬೇಕಾದದ್ದು ಅವನೊಳಗೆ ಒಬ್ಬ ಐನ್‌ಸ್ಟೀನ್ ಇರಬಹುದೆಂಬ ಕಾರಣಕ್ಕೆ! ಬಹುಮಾನ ಬಾರದಿದ್ದರೆ? ಇಶಾನ್ ಬರೆದ ಚಿತ್ರ ಎಲ್ಲ ಮಕ್ಕಳ ಚಿತ್ರದಂತೆ ಸಾಧಾರಣವಾಗಿದ್ದಿದ್ದರೆ? ಜಪಾನಿನ ತೆತ್ಸುಕೊ ಕುರೋಯಾನಗಿ 1981ರಲ್ಲಿ ಬರೆದ, ಕನ್ನಡಕ್ಕೂ ಬಂದಿರುವ ‘ತೊತ್ತೋ ಚಾನ್’ ಪುಸ್ತಕವನ್ನು ನಾವು ಬಹಳ ಪ್ರೀತಿಸುತ್ತೇವೆ. ರೈಲುಡಬ್ಬಿಗಳಲ್ಲಿ ನಡೆಯುವ ಆ ಶಾಲೆಯನ್ನು ಯಾರಿಗೆ ತಾನೆ ಮರೆಯಲಾದೀತು? ಆದರೆ ಅಲ್ಲೂ ಹೇಳುವವಳು ಮುಂದೆ ಟೆಲಿವಿಷನ್ನಿನ ಹೆಸರಾಂತ ತಾರೆಯಾದವಳು. ಗೆದ್ದವರಷ್ಟೇ ತಮ್ಮ ಬಾಲ್ಯದ ಕತೆ ಹೇಳುವ ಅವಕಾಶ ಪಡೆಯುತ್ತಾರೆ. ನಾಣಿಯಂಥವರ ಪರವಾಗಿ ಶಾಲೆಯನ್ನು ಕೇಳುವವರು ಕಡಿಮೆ.

ನಮ್ಮ ಪರಂಪರೆಯನ್ನು ಕೇವಲ ಹಗ್ಗ ಬೆತ್ತಗಳ ಲೆಕ್ಕದಲ್ಲಿ ಮುಗಿಸುವುದೂ ಅನ್ಯಾಯ. 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ ಇಬ್ನ್ ಖಲ್ದೂನ್ ಒಂದು ಅಧ್ಯಾಯವನ್ನೇ ಇದಕ್ಕಾಗಿ ಮೀಸಲಿಟ್ಟಿದ್ದಾನೆ. ಶಿಷ್ಯರ ಮೇಲೆ, ಅದರಲ್ಲೂ ಎಳೆಯ ಮಕ್ಕಳ ಮೇಲೆ ಕಠೋರತೆ ತೋರಿದರೆ ಅವರ ಮನಸ್ಸು ಮುದುಡುತ್ತದೆ, ಸೋಮಾರಿಗಳಾಗುತ್ತಾರೆ, ಏಟಿನ ಭಯಕ್ಕೆ ಸುಳ್ಳು ಕಲಿಯುತ್ತಾರೆ, ಆ ಸುಳ್ಳು ಕೊನೆಗೆ ಅವರ ಸ್ವಭಾವವೇ ಆಗಿಬಿಡುತ್ತದೆ ಎನ್ನುತ್ತಾನೆ. ದಬ್ಬಾಳಿಕೆಗೆ ಸಿಕ್ಕ ಜನಾಂಗಗಳಿಗೂ ಹೀಗೇ ಆಗುತ್ತದೆ ಎಂದು ಸೇರಿಸುತ್ತಾನೆ. ಮಗುವಿನ ಬೆನ್ನಿನ ಮೇಲಿನ ಬಾಸುಂಡೆಯಿಂದ ಇಡೀ ಸಮಾಜದ ಚರಿತ್ರೆಯನ್ನು ಓದಿದವನು ಅವನು. ಅವನಿಗಿಂತ ಮೊದಲಿನ ಗಜಾಲಿಯಂತೂ ಓದು ಮುಗಿದ ಮೇಲೆ ಮಗುವಿಗೆ ಆಟಕ್ಕೆ ಬಿಡದಿದ್ದರೆ ಅದರ ಎದೆಯೇ ಸತ್ತುಹೋಗುತ್ತದೆ ಎಂದು ಎಚ್ಚರಿಸಿದ್ದ. ಪ್ರವಾದಿಯವರು ನಮಾಜು ನಡೆಸುತ್ತಿರುವಾಗ ಹಿಂದಿನ ಸಾಲಿನಿಂದ ಮಗುವಿನ ಅಳು ಕೇಳಿದರೆ, ತಾಯಿಯ ಸಂಕಟ ನೆನೆದು ಪ್ರಾರ್ಥನೆಯನ್ನೇ ಚಿಕ್ಕದು ಮಾಡುತ್ತಿದ್ದರೆಂದು ಹದೀಸಿನಲ್ಲಿದೆ. ನಮ್ಮ ಎಷ್ಟು ಮಕ್ತಬುಗಳಲ್ಲಿ ಮಗುವಿನ ಅಳು ಕೇಳಿ ಪಾಠ ಚಿಕ್ಕದಾಗಿದೆ? ಇದನ್ನು ನಾವು ನಮ್ಮವರನ್ನೇ ಕೇಳಬೇಕಾಗಿದೆ.

ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ. ನಾವು ಕಲಿತ ಶಾಲೆಯಲ್ಲಿ ಎಡಗೈಯಲ್ಲಿ ಬರೆಯುವ ಗೆಳೆಯನಿದ್ದ. ಹಗಲು ಶಾಲೆಯಲ್ಲಿ ಅವನ ಎಡಗೈ ಬೆರಳುಗಳ ಮೇಲೆ ಪಟ್ಟಿಯ ಏಟು ಬೀಳುತ್ತಿತ್ತು, ಬೆಳಗಿನ ಜಾವ ಮಕ್ತಬಿನಲ್ಲೂ ಅದೇ ಕೈಗೆ ಏಟು. ಹಿಂದೂ ಮೇಷ್ಟರು, ಮುಸ್ಲಿಂ ಉಸ್ತಾದರು ಈ ಒಂದು ವಿಷಯದಲ್ಲಿ ಸಂಪೂರ್ಣ ಸಾಮರಸ್ಯ ಸಾಧಿಸಿದ್ದರು! ಅವನು ಕೊನೆಗೆ ಬಲಗೈಯಲ್ಲಿ ಬರೆಯಲು ಕಲಿತ, ಮಾತಿನಲ್ಲಿ ತೊದಲು ಬಂತು. ಎರಡಕ್ಕೂ ಸಂಬಂಧವಿತ್ತೋ ಇಲ್ಲವೋ ನಾವು ಹೇಳಲಾರೆವು. ಏಳನೆಯ ತರಗತಿಗೆ ಬಿಟ್ಟು ಗ್ಯಾರೇಜು ಸೇರಿದ. ಪಾನಾವನ್ನು ಅವನು ಈಗಲೂ ಎಡಗೈಯಲ್ಲೇ ಹಿಡಿಯುತ್ತಾನೆ.

ಗುರುವೊಬ್ಬ ಮಗುವಿನ ಒಳಗನ್ನು ಕಂಡುಕೊಂಡ ದೊಡ್ಡ ಉದಾಹರಣೆ ನಮ್ಮ ಸೀಮೆಯಲ್ಲೇ ಇದೆ. ಕಳಸದ ಗೋವಿಂದಭಟ್ಟರು ಶಿಶುನಾಳದ ಇಮಾಮಸಾಹೇಬರ ಮಗ ಶರೀಫನನ್ನು ಶಿಷ್ಯನಾಗಿ ಸ್ವೀಕರಿಸಿದರು. ಊರಿನ ಎರಡೂ ಕೋಮಿನ ಹಿರಿಯರು ಕೆಂಡ ಕಾರಿದರೆಂದು, ಗುರು ತನ್ನ ಶಿಷ್ಯನ ಕೊರಳಿಗೆ ಜನಿವಾರವನ್ನೇ ಹಾಕಿದನೆಂದು ಪ್ರತೀತಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಕೆಲವು ಕಾಲ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆ ನೌಕರಿಯನ್ನು ಅವರು ಬಿಟ್ಟರು. ಬಿದಿರು, ಗಿರಣಿ, ಸೋರುವ ಮನೆ, ಕೋಳಿ, ಕೊಡ ಹೀಗೆ ಕಣ್ಣೆದುರಿನ ವಸ್ತುವಿನಿಂದಲೇ ತತ್ವಕ್ಕೆ ಜಿಗಿಯಬಲ್ಲ ಮನಸ್ಸು ಅದು. ಆ ಜಿಗಿತಕ್ಕೆ ಸಾಲಿಯ ವೇಳಾಪಟ್ಟಿಯಲ್ಲಿ ಯಾವ ಗಂಟೆ ಮೀಸಲಿತ್ತು? ಈಗ ಶರೀಫರು ಪಠ್ಯದಲ್ಲಿದ್ದಾರೆ, ಭಾವೈಕ್ಯದ ದಿನಾಚರಣೆಗಳಲ್ಲಿದ್ದಾರೆ. ಅವರ ಪದಗಳನ್ನು ಬಾಯಿಪಾಠ ಮಾಡಿಸಿ ಭಾವಾರ್ಥ ಬರೆಸಿ ಐದು ಅಂಕ ಕೊಡುತ್ತೇವೆ. ಅವರಂತೆ ಒಂದು ವಸ್ತುವನ್ನು ದಿಟ್ಟಿಸುತ್ತ ಕೂತ ಹುಡುಗನನ್ನು ಮಾತ್ರ ಕಿಟಕಿಯಾಚೆ ನೋಡುತ್ತಾನೆಂದು ಬೆಂಚಿನ ಮೇಲೆ ನಿಲ್ಲಿಸುತ್ತೇವೆ.

ಆದರೆ ಗೋವಿಂದಭಟ್ಟರನ್ನು ಆದರ್ಶವೆಂದು ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಒಬ್ಬ ಗುರುವಿಗೆ ಒಬ್ಬ ಶರೀಫ ಸಿಕ್ಕಿದ್ದ. ಸರಕಾರಿ ಶಾಲೆಯ ಒಬ್ಬ ಟೀಚರಿಗೆ ಮೂರು ತರಗತಿಗಳಿರುತ್ತವೆ, ಬಿಸಿಯೂಟದ ಲೆಕ್ಕವಿರುತ್ತದೆ, ಗಣತಿ ಇರುತ್ತದೆ, ಚುನಾವಣೆ ಇರುತ್ತದೆ. 2025ರ ಅಕ್ಟೋಬರಿನಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ 18ರ ತನಕ ಮುಂದುವರಿಸಬೇಕಾಯಿತು, ಮನೆಮನೆ ತಿರುಗಿದವರು ಶಿಕ್ಷಕರೇ. ಸಮೀಕ್ಷೆ ಬೇಕು, ಅದರ ಬಗ್ಗೆ ನಮ್ಮ ತಕರಾರಿಲ್ಲ. ದಣಿದ ಶಿಕ್ಷಕಿಯಿಂದ ಮಗುವಿನ ಮುಖದ ಸೂಕ್ಷ್ಮ ಬದಲಾವಣೆಯನ್ನು ಗುರುತಿಸುವ ತಾಳ್ಮೆಯನ್ನು ನಿರೀಕ್ಷಿಸುವಾಗ ಇದೂ ನೆನಪಿರಬೇಕಷ್ಟೆ.

ಹಾಗಾದರೆ ಒಬ್ಬ ಅಪರೂಪದ ಗುರುವನ್ನು ಕಾಯದೆ, ಶಾಲೆಯ ರಚನೆಯಲ್ಲೇ ಸೂಕ್ಷ್ಮ ಮಗುವಿಗೆ ಜಾಗ ಮಾಡಲು ಸಾಧ್ಯವೇ? ಕರ್ನಾಟಕದಲ್ಲಿ ಇದು ಆಗಿದೆ, ಎರಡು ಸಲ ಆಗಿದೆ. 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಕೋಲಾರ ಜಿಲ್ಲೆಯ ರಾಯಲ್ಪಾಡಿನ ಹತ್ತಿರ ನೀಲ್‌ಬಾಗ್ ಎಂಬ ಪುಟ್ಟ ಶಾಲೆ ತೆರೆದರು. ಸುತ್ತಲಿನ ಹಳ್ಳಿಯ ಬಡಮಕ್ಕಳೇ ಅಲ್ಲಿನ ವಿದ್ಯಾರ್ಥಿಗಳು. ವಯಸ್ಸಿನ ಪ್ರಕಾರ ತರಗತಿಗಳಿರಲಿಲ್ಲ. ಪರೀಕ್ಷೆ, ಶಿಕ್ಷೆ, ಬಹುಮಾನ ಮೂರೂ ಇರಲಿಲ್ಲ. ಬಡಗಿ ಕೆಲಸ, ಹೊಲಿಗೆ, ಹಾಡು, ಹಲವು ಭಾಷೆಗಳು ಇದ್ದವು. ಬಹುಮಾನವಿಲ್ಲದಿದ್ದುದು ನಮಗೆ ಮುಖ್ಯವೆನಿಸುತ್ತದೆ. ಬೆತ್ತವನ್ನು ಬಿಟ್ಟ ಶಾಲೆಗಳು ನಾಡಿನಲ್ಲಿ ಸಾಕಷ್ಟಿವೆ, ಕಪ್ಪು ಪದಕಗಳನ್ನು ಬಿಟ್ಟವು ಬೆರಳೆಣಿಕೆಯಷ್ಟು. ಸೂಕ್ಷ್ಮ ಮಗುವಿಗೆ ಗೆಳೆಯನ ಸೋಲೂ ನೋಯುತ್ತದೆ, ತನ್ನ ಗೆಲುವೂ ಭಾರವಾಗುತ್ತದೆ. ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರು, ಶಾಲೆ ಬಹಳ ದಿನ ಉಳಿಯಲಿಲ್ಲ. ಅಲ್ಲಿ ತರಬೇತಾದವರು ಬೇರೆ ಕಡೆ ಶಾಲೆಗಳನ್ನು ಕಟ್ಟಿದರು. ಬೆಂಗಳೂರಿನ ಬದಿಯ ಸಿಲ್ವೆಪುರದಲ್ಲಿ ಜೇನ್ ಸಾಹಿಯವರ ಸೀತಾ ಶಾಲೆ, ಧಾರವಾಡದಲ್ಲಿ ಡಾ. ಸಂಜೀವ ಕುಲಕರ್ಣಿಯವರ ಬಾಲಬಳಗ ಇವೆಲ್ಲ ಒಂದೇ ಹಾದಿಯ ಬೇರೆ ಬೇರೆ ಹೆಜ್ಜೆಗಳು.

ಎರಡನೆಯದು ಇನ್ನೂ ದೊಡ್ಡದು, ನಾವು ಹೆಚ್ಚು ಅವಜ್ಞೆ ಮಾಡಿದ್ದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮಶಾಲೆಗಳನ್ನು ನೋಡಿ ಬಂದರು. ಬಂದವರು ತಾವೇ ಕೂತು ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು. ಅದೇ ನಲಿ-ಕಲಿ. ಅದರಲ್ಲಿ ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪಾಠ ಕಲಿಯಬೇಕಿಲ್ಲ. ಕಲಿಕೆಯ ಏಣಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಿನಲ್ಲಿರುತ್ತದೆ. ನಾಲ್ಕು ದಿನ ಗೈರಾದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಮಕ್ಕಳು ನೆಲದ ಮೇಲೆ ಐದು ಗುಂಪಾಗಿ ಕೂರುತ್ತಾರೆ: ಒಂದಕ್ಕೆ ಶಿಕ್ಷಕಿಯ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರೆ ಸಹಾಯ, ಮುಂದಿನವಕ್ಕೆ ಗೆಳೆಯರ ಸಹಾಯ, ಕೊನೆಯದು ತಾನೇ ಕಲಿಯುವ ಗುಂಪು. ಗೋಡೆಯ ಕೆಳಭಾಗದ ಕಪ್ಪು ಹಲಗೆ ಮಗುವಿನ ಕೈಗೆ ಎಟುಕುತ್ತದೆ, ತಲೆಯ ಮೇಲಿನ ಚಪ್ಪರದಲ್ಲಿ ಅವರೇ ಬರೆದ ಚಿತ್ರಗಳು ತೂಗುತ್ತವೆ. ಎಲ್ಲರೆದುರು ಎದ್ದುನಿಂತು ಉತ್ತರಿಸಲು ನಡುಗುವ ಮಗುವಿಗೆ ಪಕ್ಕದ ಗೆಳತಿಯ ಕಿವಿಯಲ್ಲಿ ಉತ್ತರ ಹೇಳುವ ಅವಕಾಶ ಸಿಕ್ಕಿದ್ದು ಇಲ್ಲಿ.

ಅಕ್ಷರಗಳ ಕ್ರಮವನ್ನೂ ಅವರು ಮುರಿದರು. ಅ ಆ ಇ ಈ ಎಂದು ಶುರುವಾಗದೆ ನಲಿ-ಕಲಿ ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಊರಿನ ಹಿರಿಯರಿಗೆ ಇದು ಅನಾಚಾರದಂತೆ ಕಂಡಿತು. ಎರಡು ತಿಂಗಳಾದರೂ ಮೊಮ್ಮಗನಿಗೆ ಅ ಆ ಬರುವುದಿಲ್ಲ ಎಂದು ಅಜ್ಜಂದಿರು ಜಗಳಕ್ಕೆ ಬಂದರು. ಆದರೆ ಈ ಐದೇ ಅಕ್ಷರಗಳಿಂದ ಮಗು ಅರಸ ಎಂದು ಬರೆಯಬಲ್ಲದು, ಅಗಸ ಎಂದು ಬರೆಯಬಲ್ಲದು, ಸರ, ದರ, ಗರಗಸ ಎಂದು ಬರೆಯಬಲ್ಲದು. ವರ್ಣಮಾಲೆಯ ಐವತ್ತು ಅಕ್ಷರಗಳನ್ನು ತಿಂಗಳುಗಟ್ಟಲೆ ಅರ್ಥವಿಲ್ಲದೆ ತಿದ್ದುವುದಕ್ಕೂ, ಮೊದಲ ವಾರಗಳಲ್ಲೇ ಗರಗಸ ಎಂದು ಬರೆದು ತಾನು ಕಂಡ ವಸ್ತುವೊಂದು ಹಲಗೆಯ ಮೇಲೆ ಇಳಿದದ್ದನ್ನು ನೋಡುವುದಕ್ಕೂ ಇರುವ ಅಂತರ ದೊಡ್ಡದು. ಅರ್ಥದಿಂದ ಅಕ್ಷರಕ್ಕೆ ಬರುವ ಮಗುವಿಗೆ ಇದು ಬಾಗಿಲು ತೆರೆದಂತೆ.

2009-10ರಲ್ಲಿ ಇದನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತರಿಸಿದರು. ಒಳ್ಳೆಯದೇ ಆಯಿತು, ಕೆಡುಕೂ ಆಯಿತು. ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರು ತಮ್ಮ ಕೈಯಿಂದ ಬರೆದಿದ್ದ ಕಾರ್ಡು ಇನ್ನುಳಿದ ಶಿಕ್ಷಕರಿಗೆ ಅಚ್ಚಾಗಿ ಡಬ್ಬಿಯಲ್ಲಿ ಬಂತು. ಮಾಡಿಕೊಂಡವರಿಗೆ ಅದು ಆವಿಷ್ಕಾರ, ಮೇಲಿನಿಂದ ಪಡೆದವರಿಗೆ ಸುತ್ತೋಲೆ. ಏಣಿಯೇ ಹೊಸ ಪಠ್ಯವಾಯಿತು. ಮಗು ಎಷ್ಟನೆಯ ಮೈಲಿಗಲ್ಲಿನಲ್ಲಿದೆ ಎಂದು ತುಂಬುವ ನಮೂನೆ ಮಗುವಿಗಿಂತ ಮುಖ್ಯವಾಯಿತು. ಅದಕ್ಕಿಂತ ದೊಡ್ಡ ಆಘಾತ ನಾಲ್ಕನೆಯ ತರಗತಿಯಲ್ಲಿ ಕಾದಿರುತ್ತದೆ. ಮೂರು ವರ್ಷ ನೆಲದ ಮೇಲೆ ಗುಂಪಾಗಿ ಕೂತ ಮಗು ಒಂದು ಬೇಸಿಗೆ ಕಳೆದೊಡನೆ ಸಾಲು ಬೆಂಚಿಗೆ, ಗಂಟೆಗೊಂದು ವಿಷಯಕ್ಕೆ, ಪ್ರಶ್ನೋತ್ತರಕ್ಕೆ ಮರಳಬೇಕು. ಮರುವರ್ಷವೇ ದೊಡ್ಡ ಪರೀಕ್ಷೆಯ ನೆರಳು. 2023ರ ಮಾರ್ಚಿನಲ್ಲಿ 5 ಮತ್ತು 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಸಿದರು. ಮುಂದಿನ ವರ್ಷ ಅದು ಬೆಳೆದು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದು, 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಗಳಿಗೆ ತಡೆ ಹಾಕಿತು. ಪರೀಕ್ಷೆ ಇದೆಯೇ ಇಲ್ಲವೇ ಎಂಬುದು ದಿನಕ್ಕೊಂದು ಬಗೆಯಾಗಿ ಬದಲಾಗುತ್ತಿದ್ದ ಆ ವಾರಗಳಲ್ಲಿ, ದೊಡ್ಡವರ ಕಳವಳವನ್ನು ಮುಖ ನೋಡಿಯೇ ತಿಳಿದುಕೊಳ್ಳುವ ಹತ್ತು ವರ್ಷದ ಮಕ್ಕಳಿಗೆ ಏನಾಯಿತೆಂದು ಯಾವ ವಕೀಲರೂ ವಾದಿಸಿದಂತೆ ಕಾಣಲಿಲ್ಲ.

ಇನ್ನೊಂದು ವಿಷಯಕ್ಕೆ ಬರಬೇಕು, ಭಾಷೆ. ತರಗತಿಯಲ್ಲಿ ಮೌನವಾಗಿ ಕೂತ ಮಗು ಸೂಕ್ಷ್ಮವೋ, ದಡ್ಡವೋ ಎಂದು ಚರ್ಚಿಸುವ ಮೊದಲು ಅದರ ಮನೆಮಾತು ಯಾವುದೆಂದು ಕೇಳಬೇಕು. ಈ ಸೀಮೆಯಲ್ಲಿ ಮನೆಯಲ್ಲಿ ದಖನಿ ಉರ್ದು, ಲಂಬಾಣಿ, ಮರಾಠಿ ಆಡುವ ಮಕ್ಕಳು ಕನ್ನಡದ ಹಲಗೆಯ ಮುಂದೆ ಕೂರುತ್ತಾರೆ. ಮೊದಲ ವರ್ಷ ಅವರು ಪದಗಳನ್ನಲ್ಲ, ಮುಖಗಳನ್ನು ಓದುತ್ತಾರೆ. ಭಾಷೆ ತಿಳಿಯದಲ್ಲಿ ಎಲ್ಲ ಮಕ್ಕಳೂ ಅತಿಸೂಕ್ಷ್ಮರಾಗಲೇಬೇಕಾಗುತ್ತದೆ. 2025ರಲ್ಲಿ ‘ಎದೆಯ ಹಣತೆ’ಯ ಕತೆಗಳಿಗಾಗಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಿಷನರಿ ಶಾಲೆಗೆ ಸೇರಿಸಿಕೊಂಡಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಹೆಮ್ಮೆಯ ಸಂಗತಿ. ಆದರೆ ಷರತ್ತನ್ನು ಪೂರೈಸಲಾಗದೆ ಹೋದ ಮಕ್ಕಳೆಷ್ಟು? ಆರು ತಿಂಗಳ ಬದಲು ಎರಡು ವರ್ಷ ಬೇಕಾಗಿದ್ದ ಹುಡುಗಿಯೊಳಗೆ ಏನಿತ್ತೆಂದು ಯಾರು ಬಲ್ಲರು? ಮತ್ತೆ ನಾವು ಗೆದ್ದವರ ಕತೆಯನ್ನೇ ಹೇಳುತ್ತಿದ್ದೇವೆ.

2022ರ ಫೆಬ್ರವರಿಯಲ್ಲಿ ಕಾಲೇಜುಗಳ ಗೇಟಿನ ಮುಂದೆ ತಲೆವಸ್ತ್ರ ತೆಗೆಯಲು ಹೇಳಿ ಹುಡುಗಿಯರನ್ನು ನಿಲ್ಲಿಸಿದ ದೃಶ್ಯಗಳನ್ನು ನಾಡು ನೋಡಿತು. ಹಿಜಾಬಿನ ಬಗ್ಗೆ ನಮ್ಮೊಳಗೇ ಹಲವು ಅಭಿಪ್ರಾಯಗಳಿವೆ, ಅದನ್ನು ಇಲ್ಲಿ ಬಿಡಿಸಲು ಹೋಗುವುದಿಲ್ಲ. ಆ ವರ್ಷದ ಮಾರ್ಚಿನಲ್ಲಿ ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಮಕ್ಕಳ ಸೂಕ್ಷ್ಮತೆಯ ಬಗ್ಗೆ ವಿಚಾರಗೋಷ್ಠಿ ನಡೆಸುವವರಲ್ಲಿ ಹೆಚ್ಚಿನವರು ಆಗ ಈ ಹುಡುಗಿಯರ ಮನಸ್ಸಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ ಎಂಬುದನ್ನು ಮಾತ್ರ ದಾಖಲಿಸಬೇಕಾಗಿದೆ.

ಸಮೀರವಾಡಿಗೆ ಮರಳೋಣ. ಅಲ್ಲಿ ಕಾರ್ಖಾನೆಯ ಬಳಗದವರು ನಡೆಸುವ ಶಾಲೆಯಿದೆ, ಸುತ್ತ ಸರಕಾರಿ ಶಾಲೆಗಳಿವೆ. ಶಾಲೆಯೇ ಇಲ್ಲವೆಂಬ ದೂರು ಇಲ್ಲಿ ಹೊಂದುವುದಿಲ್ಲ. ತೊಡಕಿರುವುದು ಕ್ಯಾಲೆಂಡರಿನಲ್ಲಿ. ನಮ್ಮ ಶಾಲೆ ಜೂನಿಗೆ ಶುರುವಾಗಿ ಮಾರ್ಚಿಗೆ ಪರೀಕ್ಷೆ ಮುಗಿಸುತ್ತದೆ. ಕಬ್ಬು ನುರಿಯುವ ಹಂಗಾಮು ಅಕ್ಟೋಬರ್-ನವೆಂಬರಿಗೆ ಶುರುವಾಗಿ ಮಾರ್ಚಿನ ಹೊತ್ತಿಗೆ ಮುಗಿಯುತ್ತದೆ. ಕಬ್ಬು ಕಡಿಯುವವರ ಮಗು ಶಾಲೆಯ ವರ್ಷದ ಸರಿಯಾಗಿ ನಡುವಿನಲ್ಲಿ ಊರು ಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಿ, ವಿಶೇಷ ತರಬೇತಿ ಕೊಡಿ ಎನ್ನುತ್ತದೆ. ಅದರ 17ನೆಯ ಕಲಮು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ಒಟ್ಟಿಗೇ ನಿಷೇಧಿಸಿದೆ. ಟೆಂಟ್ ಶಾಲೆಗಳೂ ನಮ್ಮ ರಾಜ್ಯದಲ್ಲಿ ನಡೆದಿವೆ. ಆದರೆ ಟೆಂಟಿಗೆ ಕಳಿಸುವ ಶಿಕ್ಷಕನಿಗೆ ಮರಾಠಿ ಬರುತ್ತದೆಯೇ, ಮಗುವಿನ ಊರಿನ ಶಾಲೆ ಕೊಟ್ಟ ಕಾಗದ ಇಲ್ಲಿನ ಮುಖ್ಯೋಪಾಧ್ಯಾಯರ ಮೇಜಿಗೆ ಬರುತ್ತದೆಯೇ ಎಂಬಂಥ ಸಣ್ಣ ಪ್ರಶ್ನೆಗಳಲ್ಲೇ ಎಲ್ಲವೂ ನಿಂತಿದೆ. ಇವು ಮನಶ್ಶಾಸ್ತ್ರದ ಪ್ರಶ್ನೆಗಳಲ್ಲ, ಎರಡು ರಾಜ್ಯಗಳ ಕಚೇರಿಗಳು ಕೂತು ಬಗೆಹರಿಸಬೇಕಾದವು. ಹೋದಲ್ಲೆಲ್ಲ ಬಿಟ್ಟ ಮೆಟ್ಟಿಲಿನಿಂದ ಹತ್ತಬಹುದಾದ ಏಣಿ ನಮ್ಮಲ್ಲಿದೆ. ಅದನ್ನು ನಿಜವಾಗಿ ಯಾರಿಗಾಗಿ ಮಾಡಿದ್ದರೆಂದು ಕೇಳಿದರೆ, ಈ ಮಕ್ಕಳಿಗಿಂತ ತಕ್ಕವರನ್ನು ನಾವು ಕಾಣೆವು.

2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೆಲೆ ಕೇಳಿ ಮುಧೋಳ ಸೀಮೆಯ ರೈತರು ಬೀದಿಗಿಳಿದಿದ್ದರು. ಆಗ ಸಮೀರವಾಡಿಯ ಕಾರ್ಖಾನೆಯ ಆವರಣದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು, ಟ್ರೇಲರುಗಳು ಹೊತ್ತಿ ಉರಿದವು. ಬೆಂಕಿ ಯಾರು ಹಚ್ಚಿದರೆಂಬುದು ಪೊಲೀಸರ ವಿಚಾರ. ನಮ್ಮ ಕುತೂಹಲ ಬೇರೆ. ರಾತ್ರಿ ಆಕಾಶ ಕೆಂಪಾದದ್ದನ್ನು ನೋಡಿದ, ಮನೆಯಲ್ಲಿ ತಂದೆಯ ಮೌನವನ್ನು ಕೇಳಿಸಿಕೊಂಡ ಮಕ್ಕಳು ಮತ್ತೆ ಸಾಲಿಗೆ ಬಂದಾಗ ತರಗತಿಯಲ್ಲಿ ಏನು ನಡೆದಿರಬಹುದು? ರೈತರ ಮಕ್ಕಳು, ಕಾರ್ಖಾನೆ ನೌಕರರ ಮಕ್ಕಳು, ಟ್ರ್ಯಾಕ್ಟರು ಮಾಲೀಕರ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿದ್ದರು. ಆ ಬೆಂಕಿಯ ಬಗ್ಗೆ ಅರ್ಧ ಗಂಟೆ ಮಾತಾಡಲು, ಮಾತು ಬಾರದವರಿಗೆ ಚಿತ್ರ ಬರೆಯಲು ಯಾವ ಪಠ್ಯವೂ ಅಡ್ಡಿ ಮಾಡುವುದಿಲ್ಲ. ಒಬ್ಬ ಟೀಚರಾದರೂ ಹಾಗೆ ಮಾಡಿದ್ದರೆ, ದುಬಾರಿ ಶಾಲೆಗಳು ಮಾರುತ್ತಿರುವ ಸೂಕ್ಷ್ಮ ಶಿಕ್ಷಣವನ್ನು ಅವರು ಒಂದು ಪೈಸೆ ಖರ್ಚಿಲ್ಲದೆ ಮಾಡಿದಂತೆ. ನಿಗದಿಯಾಗಿದ್ದ ಪಾಠವನ್ನೇ ಮುಂದುವರಿಸಿದ್ದರೂ ಅವರನ್ನು ದೂಷಿಸುವ ಧೈರ್ಯ ನಮಗಿಲ್ಲ, ಬೆಂಕಿಯ ಬಗ್ಗೆ ಮಾತಾಡಿದ್ದಕ್ಕೆ ಯಾರು ಯಾರು ಬಂದು ಕೇಳುತ್ತಾರೆಂದು ಅವರಿಗೆ ಗೊತ್ತಿರುತ್ತದೆ.

ಆ ಹುಡುಗನನ್ನು ನಾವು ಮತ್ತೆ ಕಾಣಲಿಲ್ಲ. ಹೊರಡುವ ಮೊದಲು ಅವನ ಕೈಗೆ ಒಂದು ಸುಣ್ಣದ ಕಡ್ಡಿ ಕೊಟ್ಟು, ಬಂಡಿಯ ಹಲಗೆಯ ಮೇಲೆ ಏನಾದರೂ ಬರೆ ಎಂದಿದ್ದೆವು. ಅವನು ಬಹಳ ಹೊತ್ತು ಯೋಚಿಸಿ ಒಂದು ಗಾಲಿ ಬರೆದ. ಒಳಗಿನ ಅರಗಾಲುಗಳನ್ನು ಒಂದೊಂದಾಗಿ ಬರೆಯುತ್ತ ಹೋದ. ಬರೆದು ಮುಗಿಸಿ, ಕೆಳಗೆ ಬಗ್ಗಿ, ನಿಜವಾದ ಗಾಲಿಯ ಅರಗಾಲುಗಳನ್ನು ಎಣಿಸಿದ. ತನ್ನದರಲ್ಲಿ ಒಂದು ಕಡಿಮೆ ಇತ್ತು. ಅಂಗೈಯಿಂದ ಅರ್ಧ ಗಾಲಿಯನ್ನು ಒರೆಸಿ ಮತ್ತೆ ಬರೆಯಲು ಶುರುಮಾಡಿದಾಗ, ಆಚೆ ಹೊಲದಿಂದ ಮುಕಾದಮ ಬಂಡಿ ಹೂಡಿರೆಂದು ಕೂಗಿದ.